ಕುಂಬಾರ ಹುಳವೂ ನನ್ನ ಲಿನಕ್ಸೂ

ಮೊನ್ನೆ ಪರಿಗಿ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡು ಕೇಳಿದ. ನನ್ನ ಬ್ಯಾಗಿನಲ್ಲಿ ಕಾರ್ಡು ಸಿಗುವುದೆಂದರೆ ಬಾವಿಯಲ್ಲಿ ಬಿದ್ದ ಕೊಡ ಸಿಕ್ಕಂತೆ. ಸೀಮೆಸುಣ್ಣದ ತುಂಡು, ಶೃಂಗೇರಿಯಿಂದ ಯಾರೋ ತಂದುಕೊಟ್ಟ ಕುಂಕುಮದ ಪೊಟ್ಟಣ, ಅವಧಿ ಮುಗಿದ ತಲೆನೋವಿನ ಮಾತ್ರೆ, ಎಲ್ಲ ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ಕಾರ್ಡಿನ ಜೊತೆಗೆ ಒಂದು ಪುಟ್ಟ ಕಡ್ಡಿಯೂ ಕಂಡಕ್ಟರನ ಅಂಗೈಗೆ ಬಿತ್ತು. ಕಡ್ಡಿ ಪೊರಕೆಯಿಂದ ಮುರಿದ, ಉಗುರಿನಷ್ಟು ಉದ್ದದ ತುಂಡು. ಅದರ ಮೈಗೆ ದೀಪದ ಬತ್ತಿಯ ಹತ್ತಿ ಬಿಗಿಯಾಗಿ ಸುತ್ತಿತ್ತು, ಮೇಲೆ ಒಂದಿಷ್ಟು ಅರಿಸಿನದ ಕಲೆ.

ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏಮಿ ಮೇಡಂ ಇದಿ? ಮಂತ್ರಿಂಚಿಂದಾ?" ಎಂದ.

ಮಂತ್ರಿಸಿದ ಕಡ್ಡಿಯೇನೂ ಅಲ್ಲ. ಆದರೆ ಇಪ್ಪತ್ತು ಜನರ ಎದುರು ನಿಜ ಹೇಳಲು ಎರಡು ಸ್ಟಾಪುಗಳ ದೂರ ಸಾಲದು. "ಅವುನಪ್ಪಾ, ಅಲಾಂಟಿದೇ," ಅಂಥದ್ದೇ ಏನೋ ಅಂದುಬಿಟ್ಟೆ. ಅವನು ಬಹಳ ಮರ್ಯಾದೆಯಿಂದ ಅದನ್ನು ನನ್ನ ಕೈಗಿಟ್ಟು, ಟಿಕೆಟ್ಟು ಹರಿದುಕೊಟ್ಟು, ನನ್ನ ಸೀಟಿನಿಂದ ದೂರ ಹೋಗಿ ನಿಂತ. ಬಸ್ಸಿನಲ್ಲಿ ಹೇಳಲಾಗದ ನಿಜವನ್ನು ನಿಮಗೆ ಹೇಳುತ್ತೇನೆ, ನೀವು ಆರಾಮಾಗಿ ಕೂತಿದ್ದೀರಲ್ಲ.

ಅದು ನಮ್ಮಮ್ಮನ ಕೈಕೆಲಸ. ಅದರ ಹೆಸರು ಬಿರಡೆ. ಅದು ಹುಟ್ಟಿದ್ದಕ್ಕೆ ಕಾರಣ ಕುಂಬಾರ ಹುಳ. ಗೋಡೆ ಮೂಲೆಯಲ್ಲಿ, ಬಾಗಿಲ ಸಂದಿಯಲ್ಲಿ, ಎಲ್ಲಿ ದುಂಡಗಿನ ತೂತು ಕಂಡರೂ ಒದ್ದೆ ಮಣ್ಣು ತಂದು ಮೆತ್ತಿ ಮನೆ ಮಾಡಿಕೊಳ್ಳುತ್ತದಲ್ಲ, ಆ ಸಣ್ಣ ನಡುವಿನ ಹುಳ. ಅದರ ಗೂಡನ್ನು ಒಡೆಯಬಾರದು ಎನ್ನುವುದು ನಮ್ಮ ಕಡೆಯ ನಂಬಿಕೆ. ಅದು ಗೂಡು ಕಟ್ಟಿದ ಮನೆಯಲ್ಲಿ ಮಗು ಹುಟ್ಟುತ್ತದಂತೆ. ಹಾಗಂತ ಕಂಡಕಂಡಲ್ಲಿ ಕಟ್ಟಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಆದ್ದರಿಂದ ನಮ್ಮಮ್ಮ ಕಂಡುಕೊಂಡ ದಾರಿ ಇದು: ಕಟ್ಟಿದ ಮೇಲೆ ಮುಟ್ಟಬಾರದು, ಕಟ್ಟುವ ಮೊದಲೇ ತೂತು ಮುಚ್ಚಿಬಿಡಬೇಕು.

ಈ ಜ್ಞಾನೋದಯ ಅಮ್ಮನಿಗೆ ಸುಮ್ಮನೆ ಆದದ್ದಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಅಪ್ಪನ ಜರಿ ಪಂಚೆಯೂ ನನ್ನ ಯುಗಾದಿಯ ಹೊಸ ಲಂಗವೂ ಅದರೊಳಗೆ. ಹಬ್ಬಕ್ಕೆ ನಾಲ್ಕು ದಿನ ಇದೆ ಅನ್ನುವಾಗ ನೋಡಿದರೆ ಬೀಗದ ಕೀಲಿ ತೂತಿನ ತುಂಬ ಮಣ್ಣು. ಅಪ್ಪ ಸುತ್ತಿಗೆ ತಂದರು. ಅಮ್ಮ ಟ್ರಂಕಿನ ಮುಂದೆ ಕೂತುಬಿಟ್ಟಳು. "ಒಡೀರಿ ನೋಡಾನ! ಮೊದ್ಲು ನನ್ನ ತಲೆ ಒಡೆದು ಆಮೇಲೆ ಹುಳದ ಮನೆ ಒಡೀರಿ!" ಅಪ್ಪ ಒಂದು ಗಳಿಗೆ ಎರಡನ್ನೂ ನೋಡಿದರು. ಆಮೇಲೆ ಟ್ರಂಕನ್ನು ತಿರುಗಿಸಿ, ಹಿಂದಿನ ಕೀಲುಗಳ ರಿವೆಟ್ಟು ಬಡಿದು ತೆಗೆದರು. ಹುಳದ ಮರಿಗಳು ಹಾರಿಹೋಗುವ ತನಕ ನಾವು ಟ್ರಂಕನ್ನು ಬೆನ್ನಿನ ಕಡೆಯಿಂದ ತೆರೆಯುತ್ತಿದ್ದೆವು. ಮುಂದೆ ಬೀಗ ಮಾತ್ರ ಗಂಭೀರವಾಗಿ ನೇತಾಡುತ್ತಿತ್ತು.

ಮರುವರ್ಷ ನನ್ನ ತಮ್ಮ ಹುಟ್ಟಿದ. ಅಮ್ಮನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ. ತಮ್ಮ ಏನಾದರೂ ಕಿತಾಪತಿ ಮಾಡಿ ಬಂದಾಗಲೆಲ್ಲ ಅಪ್ಪ, "ಅವತ್ತೇ ಸುತ್ತಿಗೆ ಹಾಕ್ಬೇಕಾಗಿತ್ತು ಕಣಮ್ಮ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಈಗ ಆ ತಮ್ಮನ ಮಗಳದೇ ಮದುವೆ. ಅಲ್ಲಿಂದ ಈ ಕಥೆ ಶುರು.

ಮದುಮಗಳು, ಅಂದರೆ ನನ್ನ ಸೊಸೆ, ಒಂದು ಆಸೆ ಹೇಳಿದ್ದಳು. ಅರಿಸಿನದ ಶಾಸ್ತ್ರಕ್ಕೆ ಸಿನಿಮಾ ಹಾಡು ಬೇಡ, ಅಜ್ಜಿಯ ಸೋಬಾನೆಯೇ ಬೇಕು. ನಮ್ಮಮ್ಮ ಒಂದು ಕಾಲಕ್ಕೆ ನಮ್ಮ ಬೀದಿಯ ಹಾಡುಗಾರ್ತಿಯರ ಮುಂದಾಳು. ಒಂದು ನುಡಿ ಕನ್ನಡದಲ್ಲಿ, ಮರುನುಡಿ ತೆಲುಗಿನಲ್ಲಿ; ಗಂಡಿನವರು ಯಾವ ಭಾಷೆಯವರಾದರೂ ಬೈಗುಳ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಅಮ್ಮನ ಮುಂದಿನ ನಾಲ್ಕು ಹಲ್ಲು ಅಲ್ಲಾಡುತ್ತಿದ್ದವು. ಕೀಳಿಸಲೇಬೇಕೆಂದು ಹಿಂದೂಪುರದ ಹಲ್ಲಿನ ಡಾಕ್ಟರು ಗುರುವಾರಕ್ಕೆ ದಿನ ಕೊಟ್ಟಿದ್ದರು. ವಸಡು ಮಾಯ್ದು ಕಟ್ಟಿಸಿದ ಹಲ್ಲು ಬರುವಷ್ಟರಲ್ಲಿ ಮದುವೆ ಮುಗಿದಿರುತ್ತದೆ.

"ಹಲ್ಲಿಲ್ದೆ ನಾನು ಹಾಡಾಕಿಲ್ಲ ಕಣಮ್ಮ," ಅಂದಳು ಅಮ್ಮ. "ಬೀಗರ ಮುಂದೆ ಬರೀ ಗಾಳಿ ಬತ್ತದೆ. ನಗ್ತಾರೆ. ಹಲ್ಲಿರೋವಾಗ್ಲೆ ಏನಾದ್ರೂ ತುಂಬ್ಕೊಂಡ್ಬುಡು."

ತುಂಬಿಕೊಳ್ಳುವುದು ನನ್ನ ಜವಾಬ್ದಾರಿ. ಭಾನುವಾರ ಅಮ್ಮ ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಹಿಂದೂಪುರದ ನನ್ನ ಮನೆಗೆ ಬಂದಳು. ಗುರುವಾರ ಹಲ್ಲು. ಕೈಯಲ್ಲಿ ನಾಲ್ಕು ದಿನ.

ಮೊಬೈಲಿನಲ್ಲಿ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಮಾಡಿದೆ. ಅಮ್ಮ ಕಣ್ಣು ಮುಚ್ಚಿ ಎರಡು ನುಡಿ ಹಾಡಿದ್ದಳು, ಅಷ್ಟರಲ್ಲಿ ತಮ್ಮನ ಫೋನು ಬಂತು, ಅಮ್ಮ ಊರು ಮುಟ್ಟಿದಳಾ ಅಂತ. ಅರಿಸಿನದ ಹಾಡು ನಡುವೆ ಮುರಿಯಬಾರದಂತೆ. ಅಮ್ಮ ಮೊಬೈಲನ್ನು ಕಪ್ಪೆಯನ್ನು ನೋಡುವ ಹಾಗೆ ನೋಡಿ, "ಇದರ ಮುಂದೆ ಮಾತ್ರ ಹಾಡಾಕಿಲ್ಲ" ಎಂದು ತೀರ್ಪು ಕೊಟ್ಟಳು. ಫೋನು ಬಾರದ ಹಾಗೆ ಮಾಡುವ ಗುಂಡಿ ಒಂದಿದೆ ಎಂದು ಆಮೇಲೆ ವಿವರಿಸಿದೆ. ತೀರ್ಪಿನ ಮೇಲೆ ಅಪೀಲು ನಮ್ಮ ಮನೆಯಲ್ಲಿ ಇಲ್ಲ.

ಉಳಿದದ್ದು ನನ್ನ ಹಳೇ ಲ್ಯಾಪ್‌ಟಾಪು. ಅದಕ್ಕೆ ವಯಸ್ಸಾಗಿತ್ತು. ಬೆಳಿಗ್ಗೆ ಆನ್ ಮಾಡಿದರೆ ಉಪ್ಪಿಟ್ಟು ತಿಂದು ಪಾತ್ರೆ ತೊಳೆದು ಬರುವ ವೇಳೆಗೆ ಎದ್ದಿರುತ್ತಿತ್ತು. ನಾನು ಪಾಠ ಹೇಳುವ ಶಾಲೆಯಲ್ಲಿ ಒಬ್ಬ ಗಣಿತದ ಮೇಷ್ಟ್ರಿದ್ದಾರೆ. ತೆಲುಗಿನವರು, ಹೆಸರು ರಮಣಯ್ಯ ಸಾರ್. ಗಣಕಯಂತ್ರವನ್ನು ನಡೆಸುವ ಲಿನಕ್ಸ್ ಎನ್ನುವ ಪುಕ್ಕಟೆ ತಂತ್ರಾಂಶವೆಂದರೆ ಅವರಿಗೆ ವ್ರತ. ಗಣಕಯಂತ್ರ ನಿಧಾನವಾದರೂ ಲಿನಕ್ಸ್ ಹಾಕಿ ಅನ್ನುತ್ತಾರೆ, ಯಾರಿಗಾದರೂ ನೆಗಡಿಯಾದರೂ ಹೆಚ್ಚುಕಡಿಮೆ ಅದನ್ನೇ ಅನ್ನುತ್ತಾರೆ. "ಮೇಡಂ ಗಾರೂ, ಚಾಲಾ ಸಿಂಪುಲ್" ಎಂದು ಒಂದು ಪೆನ್‌ಡ್ರೈವು ಕೊಟ್ಟಿದ್ದರು. ಬೇಸಿಗೆ ರಜೆ ಬೇರೆ. ಭಾನುವಾರ ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಪೆನ್‌ಡ್ರೈವು ಚುಚ್ಚಿ, ದೇವರಿಗೆ ಕೈಮುಗಿದು ಶುರು ಮಾಡಿದೆ.

ಪರದೆಯ ಮೇಲೆ ಒಂದು ಪಟ್ಟಿ ಇಷ್ಟಿಷ್ಟೇ ಮುಂದೆ ಸರಿಯುತ್ತಿತ್ತು. ನಾನು ಹಾಲು ಉಕ್ಕುವುದನ್ನು ಕಾಯುವವಳಂತೆ ಅದನ್ನೇ ನೋಡುತ್ತಿದ್ದೆ. ಅಮ್ಮ ನನ್ನ ಮನೆ ತುಂಬ ಓಡಾಡುತ್ತ ತನ್ನ ಮಾಮೂಲಿ ಕೆಲಸ ನಡೆಸಿದ್ದಳು. ಚಿಲಕದ ತೂತು, ಬಳಸದ ಪ್ಲಗ್ಗಿನ ತೂತು, ಪರದೆ ಕಂಬಿಯ ತುದಿ. ಏನೋ ಕೇಳಿದಳು. ನಾನು ತಲೆ ಎತ್ತದೆ "ಹ್ಞೂ" ಅಂದೆ. ಮತ್ತೇನೋ ಕೇಳಿದಳು. ಅದಕ್ಕೂ "ಹ್ಞೂ" ಅಂದೆ. ಈ ಎರಡನೇ ಹ್ಞೂ ನೆನಪಿಟ್ಟುಕೊಳ್ಳಿ.

ಲಿನಕ್ಸ್ ಬಂತು. ಎಷ್ಟು ಚೆಂದ! ಆನ್ ಮಾಡಿದರೆ ಒಗ್ಗರಣೆ ಸಿಡಿಯುವಷ್ಟರಲ್ಲಿ ಎದ್ದು ಕೂರುತ್ತದೆ. ಆದರೆ ವೈಫೈ ಇಲ್ಲ. ರಮಣಯ್ಯ ಸಾರಿಗೆ ಫೋನು ಮಾಡಿದೆ. ಯಂತ್ರದ ಒಂದೊಂದು ಅಂಗವನ್ನೂ ದುಡಿಸುವುದಕ್ಕೆ ಡ್ರೈವರ್ ಎನ್ನುವ ಒಂದೊಂದು ಸಣ್ಣ ಪ್ರೋಗ್ರಾಮು ಬೇಕಂತೆ, ನನ್ನ ವೈಫೈಗೆ ಆ ಡ್ರೈವರ್ ಇಲ್ಲವಂತೆ. ಈಗ ನಿಮಗೆ ಹೊಳೆದ ತಮಾಷೆ ನಮ್ಮ ಯಜಮಾನರಿಗೂ ಹೊಳೆಯಿತು. ಅವರು ಹುಣಸೆಹಣ್ಣಿನ ಮಂಡಿಯಿಂದ ಬಂದವರೇ ಡಿಪೋ, ಸ್ಟೀರಿಂಗು, ಲೈಸೆನ್ಸು ಎಂದು ಮೂರು ದಿನ ಅದನ್ನೇ ಜಗಿದರು. ನಾನು ಫೋನನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಕಟ್ಟಿ, ಫೋನಿನ ಇಂಟರ್‌ನೆಟ್ಟನ್ನೇ ಅದಕ್ಕೆ ಕುಡಿಸಿ, ಡ್ರೈವರನ್ನು ಇಳಿಸಿಕೊಂಡೆ. ವೈಫೈ ಬಂತು. ಮುಂದಿನಿಂದ ತೆರೆಯದಿದ್ದರೆ ಹಿಂದಿನಿಂದ ತೆರೆಯುವ ವಿದ್ಯೆ ನಮ್ಮಪ್ಪನದು. ಅವತ್ತು ರಾತ್ರಿ ನಾನು ಊಟಕ್ಕೆ ಕೂತ ಗತ್ತೇ ಬೇರೆ.

ಸೋಮವಾರ ಬೆಳಿಗ್ಗೆ ಅಮ್ಮ ಸ್ನಾನ ಮಾಡಿ, ಕುಂಕುಮ ಇಟ್ಟು, ಲ್ಯಾಪ್‌ಟಾಪಿನ ಎದುರು ಚಾಪೆ ಹಾಸಿ ಕೂತಳು. "ಮೊದ್ಲು ಒಂದು ಪದ ಅಂದು ನೋಡ್ತೀನಿ, ವಾಪಸ್ ಕೇಳ್ಸು. ಕೇಳಿಸಿದ್ರೆ ಪೂರಾ ಹಾಡ್ತೀನಿ," ಅಂದಳು. ಒಂದು ಪದ ಅಂದಳು. ವಾಪಸ್ ಹಾಕಿದೆ. ಲ್ಯಾಪ್‌ಟಾಪು ಉಸಿರೆತ್ತಲಿಲ್ಲ. ಸದ್ದು ಹೆಚ್ಚಿಸಿದೆ. ನೂರಕ್ಕೆ ಏರಿಸಿದೆ. ಇಲ್ಲ. ಬೇರೆ ಏನಾದರೂ ಹಾಕಿದರೂ ಇಲ್ಲ. ಯಂತ್ರಕ್ಕೆ ಬಾಯಿಯೂ ಇಲ್ಲ, ಕಿವಿಯೂ ಇಲ್ಲ.

"ಮದ್ವೆಗೆ ಮೂಕೀನ ತಂದ್ಯಲ್ಲಮ್ಮ," ಅಂದಳು ಅಮ್ಮ, ಚಾಪೆ ಸುತ್ತುತ್ತ.

ಅಲ್ಲಿಂದ ಮೂರು ದಿನ ನಾನು ಪಟ್ಟ ಪಾಡು ನಾಯಿಗೂ ಬೇಡ. ರಮಣಯ್ಯ ಸಾರು, "ಸೌಂಡ್ ಡ್ರೈವರ್ ಪ್ರಾಬ್ಲಂ ಮೇಡಂ, ಒಕ್ಕ ಕಮಾಂಡ್ ಕೊಡಿತೇ ಚಾಲು" ಎಂದರು. ಒಂದೇ ಒಂದು ಆಜ್ಞೆ ಸಾಕಂತೆ. ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಆ ಆಜ್ಞೆ ಬರೆದೆ. ಅದು ಇನ್ನೆರಡು ಕೇಳಿತು. ಎರಡನ್ನು ಕೊಟ್ಟರೆ ನಾಲ್ಕು. ನಮ್ಮ ಶಾಲೆಯ ಒಂದನೇ ಕ್ಲಾಸಿನ ಮಕ್ಕಳೇ ಎಷ್ಟೋ ವಾಸಿ. ಸದ್ದು ಹರಿಯುವ ದಾರಿಗಳಂತೆ, ಉದ್ದುದ್ದ ಕೊಳವೆಗಳ ಚಿತ್ರವಿರುವ ಒಂದು ಪುಟ ಬಂತು. ಪ್ರತಿ ಕೊಳವೆಯ ಬುಡದಲ್ಲೂ ಬಾಯಿ ಮುಚ್ಚಿದೆಯೋ ತೆರೆದಿದೆಯೋ ಎಂದು ಬರೆದಿರುತ್ತದೆ. ಮುಚ್ಚಿದ್ದನ್ನೆಲ್ಲ ತೆರೆದೆ. ತೆರೆದು ಎರಡು ನಿಮಿಷಕ್ಕೆ ನೋಡಿದರೆ ಸ್ಪೀಕರಿನ ಕೊಳವೆ ತಾನಾಗಿ ಮುಚ್ಚಿಕೊಂಡಿರುತ್ತಿತ್ತು.

ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಯಾವುದೋ ದೇಶದ ಯಾರೋ ಮಹಾನುಭಾವನಿಗೆ ಇದೇ ಲ್ಯಾಪ್‌ಟಾಪು, ಇದೇ ಲಿನಕ್ಸು, ಇದೇ ಮೌನ. ಅವನ ಗೋಳನ್ನು ನನ್ನದೇ ಅನ್ನುವ ಹಾಗೆ ಹದಿನಾಲ್ಕು ಪುಟ ಓದಿದೆ. ಕೊನೆಯ ಸಾಲಿನಲ್ಲಿ ಅವನು, "ಸರಿಹೋಯಿತು, ಎಲ್ಲರಿಗೂ ವಂದನೆ" ಎಂದು ಬರೆದು ಎದ್ದುಹೋಗಿದ್ದ. ಹೇಗೆ ಸರಿಹೋಯಿತೋ ಹೇಳಿರಲಿಲ್ಲ. ಆ ಮನುಷ್ಯನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಸದ್ದಿನ ಸೆಟ್ಟಿಂಗಿನಲ್ಲಿ, ಸದ್ದು ಎಲ್ಲಿಗೆ ಹೋಗುತ್ತಿದೆ ಎನ್ನುವ ಜಾಗದಲ್ಲಿ, "ಹೆಡ್‌ಫೋನ್" ಎಂದು ಸ್ಪಷ್ಟವಾಗಿ ಬರೆದಿತ್ತು. ಮೂರು ದಿನವೂ ಬರೆದಿತ್ತು. ನನ್ನ ಬಳಿ ಹೆಡ್‌ಫೋನೇ ಇಲ್ಲ. ಆದ್ದರಿಂದ ಲಿನಕ್ಸ್ ಸುಳ್ಳು ಹೇಳುತ್ತಿದೆ ಎಂದು ನಾನು ತೀರ್ಮಾನಿಸಿದೆ. ತರಗತಿಯಲ್ಲಿ ಎಷ್ಟು ಮಕ್ಕಳನ್ನು ಹೀಗೆ ಸುಳ್ಳುಗಾರರೆಂದು ನಿಲ್ಲಿಸಿದ್ದೇನೋ, ನೆನೆದರೆ ಈಗ ಕಸಿವಿಸಿಯಾಗುತ್ತದೆ.

ಮಂಗಳವಾರ ಪೂರ್ತಿ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕಿದೆ. ಬುಧವಾರ ಬೆಳಿಗ್ಗೆ ಇನ್ನೊಂದು ಬಗೆಯ ಲಿನಕ್ಸ್ ಹಾಕಿದೆ. ಮೌನ ಮಾತ್ರ ಅದೇ. ಯಜಮಾನರು ಅನ್ನ ಕಲಸುತ್ತ, "ಒಂದು ವಿಷ್ಯ ಗಮನಿಸಿದ್ಯಾ? ಈ ಮನೇಲಿ ಮಾತಾಡದೆ ಇರೋದು ಅದೊಂದೇ. ಇರ್ಲಿ ಬಿಡು, ನಂಗೆ ಜೊತೆ," ಅಂದರು. ನನಗೆ ನಗು ಬರಲಿಲ್ಲ. ನಾಳೆ ಹಲ್ಲು ಹೋಗುತ್ತದೆ. ಅಮ್ಮ ಆ ದಿನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ, ಯಾರೂ ಕೇಳುತ್ತಿಲ್ಲ ಅಂದುಕೊಂಡು, ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಬಾಗಿಲ ಹೊರಗೆ ನಿಂತು ಕೇಳಿದೆ. ನನಗೆ ಅಳು ಬಂತು. ಇಷ್ಟು ಓದಿದವಳು, ಮೂವತ್ತು ವರ್ಷ ಪಾಠ ಹೇಳಿದವಳು, ಹೆತ್ತ ತಾಯಿಯ ಹಾಡೊಂದನ್ನು ಹಿಡಿದಿಡಲಾರದೆ ಹೋದೆನಲ್ಲ ಅನ್ನಿಸಿತು.

ಮಧ್ಯಾಹ್ನ ಕೊನೆಯ ಪ್ರಯತ್ನವೆಂದು ಮೇಜಿಗೆ ಬಂದೆ. ಸ್ಪೀಕರು ಪರೀಕ್ಷಿಸುವ ಒಂದು ಗುಂಡಿ ಇದೆ. ಒತ್ತಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಎಡ, ಬಲ ಎಂದು ಹೇಳಬೇಕು. ಸದ್ದನ್ನು ನೂರಕ್ಕಿಟ್ಟು ಅದನ್ನು ಒತ್ತುತ್ತಲೇ ಇದ್ದೆ. ಅಮ್ಮ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು. ಕಿಟಕಿಯಿಂದ ಒಂದು ಕುಂಬಾರ ಹುಳ ಒಳಗೆ ಬಂತು. ಚಿಲಕದ ಹತ್ತಿರ ಹೋಯಿತು, ತಿರುಗಿತು. ಪ್ಲಗ್ಗಿನ ಹತ್ತಿರ ಹೋಯಿತು, ತಿರುಗಿತು. ಆಮೇಲೆ ಬಂದು ಲ್ಯಾಪ್‌ಟಾಪಿನ ಪಕ್ಕದಲ್ಲಿ ಝುಂಯ್ ಎಂದು ನಿಂತಿತು.

ಅಮ್ಮ ಗೆದ್ದವಳ ಹಾಗೆ ನಕ್ಕಳು. "ಬಾ ತಾಯಿ ಬಾ, ಅಲ್ಲೂ ಮುಚ್ಚಿವ್ನಿ! ಎಲ್ಲಿಗೆ ಹೋಯ್ತೀಯ ಈಗ?"

ನನ್ನ ಬೆರಳು ಗುಂಡಿಯ ಮೇಲೇ ನಿಂತಿತು. "ಅಮ್ಮ, ಅಲ್ಲೂ ಅಂದ್ರೆ? ಎಲ್ಲಿ ಮುಚ್ಚಿದೀಯ?"

"ಅದೇ ಕಣಮ್ಮ, ನಿನ್ನ ಮಿಷೀನಿನ ಪಕ್ಕದ ತೂತು. ಭಾನುವಾರ ಕೇಳಿದ್ನಲ್ಲ, ಇದಕ್ಕೂ ಬಿರಡೆ ಹಾಕ್ಲಾ ಅಂತ? ಹ್ಞೂ ಅಂದೆ. ಚಪ್ಪಟೆ ತೂತೆಲ್ಲ ಬುಟ್ಬುಟ್ಟೆ, ಹುಳ ಅದಕ್ಕೆ ಹೋಗಾಕಿಲ್ಲ. ದುಂಡಗಿರೋದು ಅದೊಂದೆಯಾ."

ಲ್ಯಾಪ್‌ಟಾಪನ್ನು ಓರೆ ಮಾಡಿ ನೋಡಿದೆ. ಹೆಡ್‌ಫೋನು ಚುಚ್ಚುವ ತೂತಿನಲ್ಲಿ, ಅಂಚಿಗೆ ಸಮನಾಗಿ ಕತ್ತರಿಸಿ, ಹತ್ತಿ ಸುತ್ತಿದ ಕಡ್ಡಿ ಎಷ್ಟು ಅಚ್ಚುಕಟ್ಟಾಗಿ ಕೂತಿತ್ತೆಂದರೆ, ಕಾರ್ಖಾನೆಯವರೂ ಹಾಗೆ ಕೂರಿಸಲಾರರು. ಪಾಪದ ಯಂತ್ರ! ತನಗೆ ಯಾರೋ ಹೆಡ್‌ಫೋನು ಚುಚ್ಚಿದ್ದಾರೆಂದು ನಂಬಿ, ಮೂರು ದಿನ ನಿಷ್ಠೆಯಿಂದ ಕಡ್ಡಿ ಪೊರಕೆಗೆ ಹಾಡು ಕೇಳಿಸುತ್ತಿತ್ತು. ಅಮ್ಮ ಅಂದ ಪದವನ್ನೂ ಆ ಕಡ್ಡಿಯಿಂದಲೇ ಕೇಳಿಸಿಕೊಳ್ಳಲು ನೋಡುತ್ತಿತ್ತು.

ಹೇರ್‌ಪಿನ್ನಿನ ತುದಿಯಿಂದ ಮೀಟಿ ಎಳೆದು, ಮತ್ತೆ ಗುಂಡಿ ಒತ್ತಿದೆ. ಒತ್ತಿದ್ದೇ ತಡ, ಮನೆ ಕಿತ್ತುಹೋಗುವ ಹಾಗೆ ಆ ಇಂಗ್ಲಿಷಿನ ಹೆಂಗಸು ಎಡ, ಬಲ ಎಂದು ಅರಚಿದಳು. ಹುಳ ಕಿಟಕಿಯಿಂದ ಹಾರಿತು. ಅಮ್ಮನ ಕೈಯ ಬತ್ತಿ ನೆಲಕ್ಕೆ ಬಿತ್ತು.

"ಯಾರಮ್ಮ ಅವ್ಳು? ಏನಂತಾಳೆ?"

"ಎಡಗಡೆ ಮುಂದೆ, ಬಲಗಡೆ ಮುಂದೆ ಅಂತಾಳಮ್ಮ."

"ಮದ್ವೆ ಮನೆಗೆ ದಾರಿ ಹೇಳ್ತಾಳೇನೋ," ಅಂದಳು ಅಮ್ಮ. ನಾನು ನಕ್ಕೆ ನೋಡಿ, ಮೂರು ದಿನದ ನಗು ಒಟ್ಟಿಗೆ ಬಂತು. ನಗುತ್ತಲೇ ಅಮ್ಮನ ಮೇಲೆ ರೇಗಿದೆ, ರೇಗುತ್ತಲೇ ತಬ್ಬಿಕೊಂಡೆ. ಬೈಯುವುದಕ್ಕೆ ಬಾಯಿ ಬರಲಿಲ್ಲ, ಹ್ಞೂ ಅಂದವಳು ನಾನೇ ಅಲ್ಲವೇ. ರಮಣಯ್ಯ ಸಾರಿಗೆ ಫೋನು ಮಾಡಿ, "ಸರಿಹೋಯಿತು ಸಾರ್, ವಂದನೆ" ಎಂದಷ್ಟೇ ಹೇಳಿದೆ. ಹೇಗೆ ಎಂದು ಅವರು ಕೇಳುವಷ್ಟರಲ್ಲಿ ಇಟ್ಟುಬಿಟ್ಟೆ. ಆ ಪರದೇಶದವನ ಕಷ್ಟ ಏನಿತ್ತೆಂದು ಆಗ ಸ್ವಲ್ಪ ಅರ್ಥವಾಯಿತು.

ಅವತ್ತೇ ಸಂಜೆ ಅಮ್ಮ ನಾಲ್ಕೂ ಹಲ್ಲುಗಳೊಡನೆ, ಹದಿನಾರು ನುಡಿ, ಒಂದೇ ಉಸಿರಿನಂತೆ ಹಾಡಿದಳು. ವಾಪಸ್ ಕೇಳಿಸಿದೆ. ಅಮ್ಮ ತನ್ನ ದನಿಯನ್ನು ತಾನು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಸೆರಗನ್ನು ಬಾಯಿಗಿಟ್ಟುಕೊಂಡು ಕೊನೆವರೆಗೂ ಕೇಳಿ, "ಚೆನ್ನಾಗ್ ಹಾಡ್ತಾಳೆ ಕಣಮ್ಮ ಇವ್ಳು. ಆರನೇ ನುಡೀಲಿ ಒಸಿ ಅವಸರ ಮಾಡವ್ಳೆ," ಅಂದಳು. ಮರುದಿನ ಹಲ್ಲು ಹೋದವು. ಡಾಕ್ಟರು ಹಲ್ಲು ಕಿತ್ತ ಜಾಗಕ್ಕೆ ಹತ್ತಿ ಒತ್ತಿದ್ದನ್ನು ನೋಡಿ, ಇವತ್ತು ನಿನಗೂ ಬಿರಡೆ ಬಿತ್ತು ನೋಡು ಎಂದು ಅಮ್ಮನಿಗೆ ಹೇಳಿದೆ. ಮಾತಾಡಲಾಗದ್ದರಿಂದ ಅಮ್ಮ ಬರೀ ಚಿವುಟಿದಳು.

ಮದುವೆಯ ಮುನ್ನಾದಿನ, ಕಲ್ಯಾಣದುರ್ಗದ ತಮ್ಮನ ಮನೆಯ ಅಂಗಳ. ಮಣೆಯ ಮೇಲೆ ಮದುಮಗಳು, ಸುತ್ತ ಬೀಗರ ಕಡೆಯ ಹೆಂಗಸರು. ದೊಡ್ಡ ಸ್ಪೀಕರು ತರಿಸುತ್ತೇನೆ ಎಂದ ತಮ್ಮನಿಗೆ ನಾನು ಬೇಡ ಅಂದಿದ್ದೆ. ಅಷ್ಟು ಕಷ್ಟಪಟ್ಟು ಬರಿಸಿದ ಗಂಟಲು, ಅದೇ ಹಾಡಲಿ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಗುಂಡಿ ಒತ್ತಿದೆ. ಅಮ್ಮನ ಹಾಡು ಅಂಗಳದ ತುಂಬ ಹರಡಿತು. ಹೆಂಗಸರು ತಲೆದೂಗಿದರು. ನಾನು ಹೆಮ್ಮೆಯಿಂದ ಅಮ್ಮನ ಕಡೆ ನೋಡಿದೆ.

ಅಮ್ಮನ ಮುಖ ಬೇರೆಯೇ ಆಗಿತ್ತು. ಮೊಮ್ಮಗಳ ಕೆನ್ನೆಗೆ ಅರಿಸಿನ ಹಚ್ಚಲು ಬಂದವಳು, ಕೈ ಹಾಗೇ ನಿಲ್ಲಿಸಿ, ತುಟಿ ಆಡಿಸುತ್ತಿದ್ದಳು. ಎರಡನೇ ನುಡಿಗೆ ಸಣ್ಣಗೆ ದನಿ ಹೊರಟಿತು. ಮೂರನೆಯದಕ್ಕೆ ಸ್ವಲ್ಪ ಜೋರಾಯಿತು. ಗಾಳಿ ಬಂತು, ನಿಜ. ಅಕ್ಷರಗಳು ಅರ್ಧರ್ಧ ಜಾರಿದವು. ಆದರೆ ಲ್ಯಾಪ್‌ಟಾಪಿನ ಅಮ್ಮ ಮುಂದೆ ಮುಂದೆ ಓಡುತ್ತಿದ್ದಳು, ಈ ಅಮ್ಮ ಅವಳ ಹಿಂದೆ ಬಿದ್ದು ಏದುಸಿರು ಬಿಡುತ್ತಿದ್ದಳು. ಬೀಗರಲ್ಲಿ ಯಾರೂ ನಗಲಿಲ್ಲ. ಮದುಮಗಳು ಅರಿಸಿನದ ಕೈಯಿಂದ ಅಜ್ಜಿಯ ಕೈ ಹಿಡಿದುಕೊಂಡಿದ್ದಳು. ಅಮ್ಮ ನನ್ನ ಕಡೆ ತಿರುಗಿ, ಹಾಡಿನ ನಡುವೆಯೇ, ಸಾಕು ನಿಲ್ಲಿಸು ಎಂದು ಕಣ್ಣು ಮಾಡಿದಳು.

ನನ್ನ ಕೈತುಂಬ ಅರಿಸಿನ. ಗುಂಡಿ ಹುಡುಕುವ ತಾಳ್ಮೆ ಇರಲಿಲ್ಲ. ಬ್ಯಾಗಿನಲ್ಲಿ ನೆನಪಿಗೆಂದು ಇಟ್ಟುಕೊಂಡಿದ್ದ ಬಿರಡೆ ತೆಗೆದು, ಆ ದುಂಡು ತೂತಿಗೆ ಒತ್ತಿದೆ. ಯಂತ್ರ ಥಟ್ಟನೆ ಸುಮ್ಮನಾಯಿತು. ಹಲ್ಲಿಲ್ಲದ ಅಮ್ಮ ಆರನೇ ನುಡಿಯನ್ನು, ಈ ಸಲ ಅವಸರ ಮಾಡದೆ, ನಿಧಾನವಾಗಿ ಹಾಡಿದಳು.